ಅಳತೆ ಕೇಳದ ಅಂಗಡಿ

"ಎರಡೂ ಕೈ ತೊಡೆ ಕೆಳಗಿಟ್ಕೊಂಡು ಕೂತ್ಕೋ," ಎಂದಳು ಅತ್ತಿಗೆ. "ಮೊಟ್ಟೆ ಮೇಲಿನ ಕೋಳಿ ಹಾಗೆ. ಬಾಯಿ ಬಿಟ್ರೆ ಎದ್ದು ಹೊರಗೆ ಹೋಗ್ಬೇಕು ನೋಡು."

ಮೈದುನ ನಗುತ್ತಲೇ ಕೈಗಳನ್ನು ತೊಡೆಯಡಿ ತೂರಿಸಿಕೊಂಡ. ಮರದ ಸಿಪ್ಪೆ ಸರಿಸಿ ಜಾಗ ಮಾಡಿದ್ದ ಬೆಂಚಿನ ಮೇಲೆ ಅವನ ಲ್ಯಾಪ್‌ಟಾಪ್ ತೆರೆದಿತ್ತು. ಅದರ ಮುಂದೆ ಪಕ್ಕದ ತೋಟದ ಚಿಕ್ಕಮ್ಮ ಕೂತಿದ್ದಳು. ಅವಳ ಗುದ್ದಲಿಯ ಹಿಡಿ ಸೀಳಿಹೋಗಿ ಹೊಸದು ಬೇಕಾಗಿತ್ತು. ಎದುರು ಗೋಡೆಯ ತುಂಬ ಹಿಡಿಗಳು ಒರಗಿದ್ದರೂ, ಅತ್ತಿಗೆಯ ಮಾತಿಗೆ ಕಟ್ಟುಬಿದ್ದು, ಇವತ್ತು ವೆಬ್‌ಸೈಟಿನಲ್ಲೇ ಕೊಳ್ಳುತ್ತೇನೆಂದು ಒಪ್ಪಿದ್ದಳು.

ಮೈದುನನ ಅಣ್ಣ ಮರ ಕಡೆದು ಹಿಡಿ ಮಾಡುತ್ತಿದ್ದ, ತಮ್ಮ ಮಾರುತ್ತಿದ್ದ. ರಸ್ತೆಯಂಚಿನ ಅಂಗಡಿ ಮುಚ್ಚಿದ ಮೇಲೆ ಉಳಿದಿದ್ದು ತಮ್ಮ ತಾನೇ ಕಟ್ಟಿದ ಈ ವೆಬ್‌ಸೈಟ್ ಒಂದೇ. ಜನ ಬರುತ್ತಿದ್ದರು, ನೋಡುತ್ತಿದ್ದರು, ಬುಟ್ಟಿಗೂ ಹಾಕುತ್ತಿದ್ದರು. ಆಮೇಲೆ ಬುಟ್ಟಿಯನ್ನು ಅಲ್ಲೇ ಬಿಟ್ಟು ಹೊರಟುಹೋಗುತ್ತಿದ್ದರು. ಹೀಗೇ ಆದರೆ ಬರುವ ತಿಂಗಳಿಂದ ಮರ ಕೊಯ್ಯುವ ಸಾಮಿಲ್ಲಿಗೆ ಕೂಲಿಗೆ ಹೋಗುತ್ತೇನೆಂದು ಅಣ್ಣ ಹೇಳಿಬಿಟ್ಟಿದ್ದ. ಇಂಥ ಅಂಗಡಿಪುಟಗಳನ್ನು ಜನರಿಂದ ಬಳಸಿಸಿ, ಎಲ್ಲಿ ಮುಗ್ಗರಿಸುತ್ತಾರೆಂದು ನೋಡುವುದೇ ಅತ್ತಿಗೆಯ ಉದ್ಯೋಗ. ಆದರೂ ಮನೆಯ ಪುಟಕ್ಕೆ ಅವಳು ಕೈಹಾಕಲು ಮೈದುನ ಇಷ್ಟು ದಿನ ಬಿಟ್ಟಿರಲಿಲ್ಲ.

"ಮನಸ್ಸಿಗೆ ಬಂದಿದ್ದನ್ನ ಬಾಯಲ್ಲಿ ಹೇಳ್ತಾ ಹೋಗಿ ಚಿಕ್ಕಮ್ಮ," ಎಂದಳು ಅತ್ತಿಗೆ.

"ಚೆನ್ನಾಗಿದೆ ಕಣವ್ವಾ. ಮರದ ಗೆರೆ ಕೂಡ ಕಾಣ್ತಿದೆ." ಮೈದುನನ ಎದೆ ಉಬ್ಬಿತು. "ಗುದ್ದಲಿ... ಇದು ಕೊಡಲಿದು... ಹಾಂ, ಇಲ್ಲಿದೆ. ಇದನ್ನ ಒತ್ತಲಾ? ಒತ್ತಿದೆ. ಏನೋ ಕೇಳ್ತಿದೆ. ದಪ್ಪ ಎಷ್ಟು ಅಂತೆ. ಮೂವತ್ತೆರಡು, ಮೂವತ್ತೈದು, ಮೂವತ್ತೆಂಟು..."

ಅಲ್ಲಿಗೆ ಮಾತು ನಿಂತಿತು. ಅವಳ ಬೆರಳು ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಆ ಸಂಖ್ಯೆಗಳ ಹತ್ತಿರವೇ ಬಂದು ನಿಂತಿತು.

"ಅದು ಮಿಲಿಮೀ—" ಎಂದ ಮೈದುನ. ಅತ್ತಿಗೆ ತಿರುಗಿ ನೋಡಿದಳು ಅಷ್ಟೆ. ಉಳಿದದ್ದನ್ನು ಅವನು ನುಂಗಿಕೊಂಡ.

ಆ ಮೌನವನ್ನು ಅತ್ತಿಗೆ ಹೇಗೆ ಹೊತ್ತು ಕೂತಳೋ! ಅಡುಗೆಮನೆಯಲ್ಲಿ ಒಂದು ಮಾತಿಗೆ ಹತ್ತು ಮಾತು ಎಸೆಯುವ ಹೆಂಗಸು. ಈಗ ನೋಡಿದರೆ, ಆಗತಾನೇ ಹುಟ್ಟಿದ ಕರು ಮುಗ್ಗರಿಸುತ್ತಿದ್ದರೂ ಮುಟ್ಟದೆ, ತಾನೇ ಎದ್ದು ನಿಲ್ಲಲಿ ಎಂದು ಕಾಯುವವರ ಹಾಗೆ, ಕಣ್ಣನ್ನು ಚಿಕ್ಕಮ್ಮನ ಕೈಯ ಮೇಲೆ ನೆಟ್ಟು ಸುಮ್ಮನಿದ್ದಾಳೆ. ಆ ಮುಖದಲ್ಲಿ ಅವಸರವಿಲ್ಲ, ಅಯ್ಯೋ ಪಾಪ ಎನ್ನುವುದೂ ಇಲ್ಲ. ಮೈದುನನೂ ಅವಳ ಕಣ್ಣು ಹೋದ ಕಡೆಯೇ ನೋಡತೊಡಗಿದ.

ಚಿಕ್ಕಮ್ಮ ಬಲಗೈ ಎತ್ತಿದಳು. ಪರದೆಯ ಮೇಲಿನ ಹಿಡಿಯ ಸುತ್ತ ಗಾಳಿಯಲ್ಲೇ ಮುಷ್ಟಿ ಕಟ್ಟಿದಳು. ಬಿಡಿಸಿದಳು. ಮತ್ತೆ ಕಟ್ಟಿದಳು. ಕೊನೆಗೆ ನಾಚಿ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ನಾನೇ ದಡ್ಡಿ ಕಣ್ರೋ. ನಂಗೆ ತಿಳಿಯೋದಿಲ್ಲ ಇದೆಲ್ಲ."

"ಪರೀಕ್ಷೆ ನಿಮಗಲ್ಲ ಚಿಕ್ಕಮ್ಮ, ಪುಟಕ್ಕೆ. ಅದೇ ಫೇಲಾಯ್ತು," ಎಂದಳು ಅತ್ತಿಗೆ. "ಅಂಗಡಿ ಇದ್ದಾಗ ಅಳತೆ ಹೆಂಗೆ ಹೇಳ್ತಿದ್ರಿ?"

"ಹೇಳೋದೆಲ್ಲಿ ಬಂತು? ಇವನಣ್ಣ ಕೇಳಿದ್ರೆ ತಾನೇ! ನನ್ನ ಕೈ ನೋಡ್ತಿದ್ದ, ಒಳಗೆ ಹೋಗಿ ಒಂದು ತಂದು ಕೊಡ್ತಿದ್ದ."

ಮೈದುನನ ಮುಖದ ನಗು ಆರಿತು. ಅಂಗಡಿಯಲ್ಲಿದ್ದ ಒಂದೊಂದು ವಸ್ತುವನ್ನೂ ಅವನು ಪುಟಕ್ಕೆ ಏರಿಸಿದ್ದ. ಬಂದವರ ಮುಖಕ್ಕಿಂತ ಮೊದಲು ಕೈ ನೋಡುತ್ತಿದ್ದ ಅಣ್ಣನ ಕಣ್ಣನ್ನು ಮಾತ್ರ ಮರೆತುಬಿಟ್ಟಿದ್ದ. ಹುಟ್ಟಿದಾಗಿನಿಂದ ನೋಡುತ್ತಿದ್ದುದರಿಂದ ಅದೂ ಒಂದು ಕೆಲಸವೆಂದು ಅವನಿಗೆ ತೋರಿರಲೇ ಇಲ್ಲ.

ಮಾರನೆಯ ಮಧ್ಯಾಹ್ನದ ಹೊತ್ತಿಗೆ ಸಂಖ್ಯೆಗಳ ಜಾಗದಲ್ಲಿ ಮೂರು ಚಿತ್ರಗಳಿದ್ದವು: ಎಲ್ಲೆಡೆ ಸಿಗುವ ಒಂದೇ ಬಗೆಯ ನೀರಿನ ಬಾಟಲಿಯನ್ನು ಹಿಡಿದ ಮೂರು ಕೈಗಳು. ಒಂದರ ಬೆರಳುಗಳು ಬಾಟಲಿಯ ಅರ್ಧ ಸುತ್ತಿಗೇ ನಿಂತಿದ್ದವು, ಇನ್ನೊಂದರವು ಮುಕ್ಕಾಲಿಗೆ, ಅಣ್ಣನವು ಹೆಚ್ಚುಕಡಿಮೆ ಇಡೀ ಸುತ್ತು ಬಂದಿದ್ದವು. ಮೇಲೆ ಒಂದೇ ಸಾಲು: ನಿಮ್ಮ ಕೈ ಯಾವುದರ ಹಾಗಿದೆ?

"ಚಿಕ್ಕಮ್ಮನ್ನ ಕರೀಲಾ?" ಎಂದ ಮೈದುನ.

"ಅವರು ನಿನ್ನೆಯೇ ದಾರಿ ಕಲಿತುಬಿಟ್ರು. ಹೊಸಬರು ಬೇಕು."

ಪಾರ್ಸೆಲ್ ಒಯ್ಯುವವನು ಬಾಗಿಲಲ್ಲಿ ಇಣುಕಿದ. ವಾರವಿಡೀ ಬರಿಗೈಯಲ್ಲಿ ವಾಪಸ್ ಹೋಗುತ್ತಿದ್ದವನು. ಮನೆಯಲ್ಲಿ ಸುತ್ತಿಗೆಯ ಹಿಡಿ ಮುರಿದು ಬಹಳ ದಿನವಾಯಿತೆಂದು ಅವನೇ ಗೊಣಗಿದ್ದು ಅತ್ತಿಗೆಗೆ ನೆನಪಿತ್ತು. ಅವನನ್ನು ಕೂರಿಸಿ, "ನಿಮಗೆ ಬೇಕಾದ್ದು ನೀವೇ ಕೊಂಡ್ಕೊಳ್ಳಿ, ನಾವು ಏನೂ ಹೇಳೋದಿಲ್ಲ," ಎಂದಳು.

ಮೈದುನ ಸ್ಟೂಲು ಎಳೆದುಕೊಂಡು, ಯಾರೂ ಹೇಳುವ ಮೊದಲೇ ಎರಡೂ ಕೈಗಳ ಮೇಲೆ ಕೂತ. ಬಂದವನು ನಿಧಾನಸ್ಥ. ಕೊಡಲಿ ನೋಡಿದ, ಬೇಡದ್ದನ್ನೆಲ್ಲ ನೋಡಿದ, ನಡುವೆ ಸೀನಿದ. ಮೂರು ಕೈಗಳ ಚಿತ್ರ ಬಂದಾಗ ಚೀಲದಿಂದ ಅಂಥದೇ ತನ್ನ ನೀರಿನ ಬಾಟಲಿ ತೆಗೆದು ಹಿಡಿದು ನೋಡಿದ. "ನಂದು ಈ ನಡುವಿಂದು," ಎಂದು ಒತ್ತಿದ. ಮುಂದಿನದನ್ನೂ ಒತ್ತಿದ.

"ಅಷ್ಟೇನಾ?" ಎಂದ.

ಆರ್ಡರ್ ಬಂತೆಂದು ಮೈದುನನ ಜೇಬಿನಲ್ಲಿ ಫೋನು ಟಿಣ್ ಎಂದಿತು. ಒಳಗಿನಿಂದ ಅಣ್ಣ ಕೂಗಿದ: "ಏನೋ ಅದು ಸದ್ದು? ತೆಗೆದು ನೋಡೋ!"

"ಇನ್ನು ಕೈ ತೆಗೀಬಹುದಪ್ಪಾ," ಎಂದಳು ಅತ್ತಿಗೆ.

"ಬರ್ತಿಲ್ಲ ಅತ್ತಿಗೆ," ಎಂದ ಅವನು, ಕೂತಲ್ಲೇ ನಗುತ್ತ. "ಎರಡಕ್ಕೂ ಜೋಮು ಹಿಡಿದಿದೆ."