ಹೊಸ ಬೋರ್ಡಿನ ಗೇಟು

"ಹೆಸರು ಯಾಕ ಖಾಲಿ ಐತಿ?"

ದಾಕ್ಷಾಯಿಣಿ ಯಾರನ್ನೂ ಕೇಳಿದ್ದಲ್ಲ. ಘಟಪ್ರಭಾದ ಆ ವರ್ಕ್‌ಶಾಪಿನಲ್ಲಿ ಆಗ ಅವಳೊಬ್ಬಳೇ ಇದ್ದಳು. ಬೆಳಿಗ್ಗೆ ಓಡಿಸಿದ ಸ್ಕ್ರಿಪ್ಟಿನ ಸಾಲುಗಳು ಪರದೆಯ ಮೇಲೆ ಹಾಗೇ ನಿಂತಿದ್ದವು. ಕಾಲುವೆ ಗೇಟಿನ ಮೋಟಾರು ನಡೆಸುವ ಬೋರ್ಡಿನ ಹೆಸರಿರಬೇಕಾದ ಜಾಗದಲ್ಲಿ ಏನೂ ಇಲ್ಲ. ಕೊನೆಗೆ ಮಾತ್ರ ಹಸಿರು ಅಕ್ಷರದಲ್ಲಿ 'ಯಶಸ್ವಿ'.

ಹೆಸರು ಕೊಡದಿದ್ದರೆ ಹಳೆಯ ಬೋರ್ಡೆಂದೇ ಹಿಡಿದು ಫೈಲು ತಯಾರಿಸುವಂತೆ ಸ್ಕ್ರಿಪ್ಟು ಬರೆದವಳು ಅವಳೇ. ಹತ್ತರಗಿ, ಹುಕ್ಕೇರಿ ಕಡೆಯ ಕಾಲುವೆ ಗೇಟುಗಳಿಗೆಲ್ಲ ಅದೇ ಬೋರ್ಡು; ಮತ್ತೆ ಮತ್ತೆ ಹೆಸರು ಯಾಕೆ ಬರೆಯಬೇಕೆಂದು. ಆದರೆ ಇವತ್ತಿನ ಫೈಲು ಹೋದದ್ದು ಮೂಡಲಗಿಗೆ. ಅಲ್ಲಿ ಹೊಸ ಬೋರ್ಡು. ಫೈಲು ಹೇಳಿದಂತೆ ಕೆಲಸ ಮಾಡುವ ಅದರ ಎಫ್‌ಪಿಜಿಎ ಚಿಪ್ಪಿನಲ್ಲಿ ಏರಿಸುವ ಪಿನ್ನು, ಇಳಿಸುವ ಪಿನ್ನು ಅದಲುಬದಲು. ಈ ಫೈಲು ಹಾಕಿ 'ಏರಿಸು' ಗುಂಡಿ ಒತ್ತಿದರೆ ಗೇಟು ಇಳಿಯುತ್ತದೆ.

ಗೇಟು ನೋಡಿಕೊಳ್ಳುವ ಕೇದಾರಿಗೆ ಫೋನು ಹಚ್ಚಿದಳು. ಎತ್ತಿದೊಡನೆ ಮೊದಲು ಕೇಳಿಸಿದ್ದು ಹೆಂಗಸೊಬ್ಬಳ ಹಾಡು.

"ಕೇದಾರಿ ಕಾಕಾ, ಗುಂಡಿ ಒತ್ತೀರೇನು?"

"ಇನ್ನೂ ಇಲ್ರಿ. ನಮ್ಮೂರ ಭರಮವ್ವ ಗೇಟಿನ ಬುಡಕ ಕುಂತು ನೀರ ತಾಯಿ ಗಂಗವ್ವಗ ಉಡಿ ತುಂಬಾಕತ್ತಾಳ. ಆಕಿ ಪದ ಹಾಡೂವಾಗ ಗೇಟ ಏಳಬೇಕಲ್ರಿ, ಮದ್ಲಿಂದ್ಲೂ ಹಂಗ. ಬೆರಳ ಇಟ್ಕೊಂಡ ನಿಂತೇನಿ."

ಬೋರ್ಡು ಕೂಡಿಸುವಾಗ ಅರ್ಧ ಎತ್ತಿಟ್ಟ ಗೇಟು ಈಗ ಆಳೆತ್ತರದಲ್ಲಿ ನಿಂತಿದೆ. ಅದರ ಕೆಳಗೆ ಒಂದು ತಲೆ.

"ಬೆರಳ ತಗೀರಿ ಕಾಕಾ. ಫೈಲ್ ತಪ್ಪೈತಿ. ಒತ್ತಿದ್ರ ಆಕಿ ಮ್ಯಾಲೆ ಇಳೀತೈತಿ."

ಕೇದಾರಿಯ ದನಿ ಸಣ್ಣಗಾಯಿತು: "ತಗದೇನ್ರಿ."

ದಾಕ್ಷಾಯಿಣಿ ಈ ಸಲ ಹೊಸ ಬೋರ್ಡಿನ ಹೆಸರು ಟೈಪು ಮಾಡಿದಳು. ಸ್ಕ್ರಿಪ್ಟು ಓಡಿ ಮುಗಿಯುವವರೆಗೆ ಅವಳು ಕಣ್ಣು ಮುಚ್ಚಿ ಶಿವನಾಮ ಹೇಳುತ್ತ ಕುಳಿತಳು. ತೆರೆದಾಗ ಅದೇ ಹಸಿರು, ಅದೇ 'ಯಶಸ್ವಿ'. ಕಳಿಸಿದಳು. ಕೇದಾರಿ ಮೊಬೈಲಿನಿಂದಲೇ ಬೋರ್ಡಿಗೆ ಹಾಕಿದ.

"ಹಾಕೇನ್ರಿ. ಈಗರ ಖರೆ ಐತೇನ್ರಿ?"

ಬೆಳಿಗ್ಗೆಯೂ ಹಸಿರೇ ಬಂದಿತ್ತು. ಹೊಸ ಬೋರ್ಡಿನ ಫೈಲು ಈವರೆಗೆ ಒಂದು ಗೇಟನ್ನೂ ಎತ್ತಿರಲಿಲ್ಲ.

"ಮದ್ಲ ಅವ್ವನ್ನ ಹೊರಗ ಕರೀರಿ. ಕೆಳಗ ಯಾರೂ ಇಲ್ದಾಗ ಒಂದ್ಸಲ ಏರಿಸಿ ನೋಡೂನು."

"ಗಂಡನ ಮಾತ ಕೇಳಲಾರದಾಕಿ, ನನ್ನ ಮಾತ ಕೇಳ್ತಾಳೇನ್ರಿ? ನೀವ ಹೇಳ್ರಿ. ಲಗೂನ ಹೇಳ್ರಿ, ಮ್ಯಾಲಿಂದ ನೀರ ಬಿಟ್ಟಾರ, ಅದು ಬರೂದ್ರಾಗ ಗೇಟ ಪೂರಾ ಏಳಬೇಕ." ಕೇದಾರಿ ಕೆಳಗಿಳಿದು ಫೋನನ್ನು ಭರಮವ್ವನತ್ತ ಚಾಚಿದ.

"ಅವ್ವಾ, ನಾ ದಾಕ್ಷಾಯಿಣಿ, ಈ ಗೇಟಿನ ಬೋರ್ಡ್ ಮಾಡಾಕಿ. ಒಂದ್ ಗಳಿಗಿ ಹೊರಗ ಬರ್ರಿ. ನನಗ ಅಂಜಿಕಿ ಆಗಾಕತ್ತೇತಿ."

ಹಾಡು ನಿಂತಿತು. ಬಳೆಗಳ ಸದ್ದಾಯಿತು.

"ನೀನ ಮಾಡಿದ್ದಲ್ಲೇನ ತಂಗಿ?"

"ಹೌದ್ರಿ."

"ಮತ್ತ ಅಂಜೂದ್ಯಾಕ? ಗಂಗವ್ವನ ಉಡಿ ಅರ್ಧಕ ಬಿಟ್ಟ ನಮ್ಮನ್ಯಾಗ ಯಾರೂ ಎದ್ದಿಲ್ಲ. ಗೇಟ ಏಳೂತನಕ ನಾ ಏಳೂದಿಲ್ಲ."