ಕೂರಲು ಕಲಿತ ಸೂಟು

ಪಂಪು ಕಾರ್ಖಾನೆಯ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಬಾಯ್ಲರ್ ಸೂಟುಗಳು ತೊಟ್ಟವರ ಕೈಚಳಕವನ್ನು ಕಲಿಯುತ್ತಿದ್ದವು; ದ್ಯಾಮಕ್ಕನ ಸೂಟೂ ಅವಳದನ್ನು ವರ್ಷಗಟ್ಟಲೆ ಕಲಿತಿತ್ತು. ಸೀರೆ ಎತ್ತಿಕಟ್ಟಿ ಅದನ್ನು ಏರಿಸಿ ಜಿಪ್ ಎಳೆದರೆ ಸಾಕು, ತೋಳುಗಳು ತಾವಾಗಿ ಎದ್ದು ಬಣ್ಣ ಹೊಡೆಯುತ್ತಿದ್ದವು. ಇವತ್ತು ಅವಳ ನಿವೃತ್ತಿ. ಸೂಟು ಮಾತ್ರ ಕೆಲಸದಲ್ಲೇ ಉಳಿಯುತ್ತದೆ. ಹೊಸದಾಗಿ ಸೇರಿದ ಶಾಹೀನಾ ಅದನ್ನು ತೊಡಬೇಕು.

"ಬಂಗಾರದಂಥ ಸೂಟಮ್ಮಾ, ನೀನೇನೂ ಕಲೀಬೇಕಿಲ್ಲ," ಎಂದ ಸೂಪರ್‌ವೈಸರ್ ಮುರಿಗೆಪ್ಪ.

ಆ ಶೆಡ್ಡಿನಲ್ಲಿ ಕಾಲು ಬಾತರೂ ಕೂರುವಂತಿರಲಿಲ್ಲ. ದ್ಯಾಮಕ್ಕ ಸ್ಟೂಲು ಕೇಳಿದಾಗಲೆಲ್ಲ ಅವನು, "ನಿಲ್ಲೋದು ಸೂಟು, ನಿಂಗೇನು ಕಷ್ಟ?" ಎಂದು ನಗುತ್ತಿದ್ದ. ಅದಕ್ಕೇ ಅವಳು, ಅವನು ಟೀಗೆ ಹೋದಾಗಲೆಲ್ಲ ಖಾಲಿ ಡಬ್ಬವೊಂದನ್ನು ಬೋರಲು ಹಾಕಿ, ಸೂಟಿನೊಡನೆ ಗುದ್ದಾಡಿ ಕೂರತೊಡಗಿದಳು. ಮೊದಮೊದಲು ಅದು ಎಬ್ಬಿಸಿ ನಿಲ್ಲಿಸುತ್ತಿತ್ತು. ಬರಬರುತ್ತ ತಾನೇ ಡಬ್ಬ ಹುಡುಕುವಂತಾಯಿತು.

ಶಾಹೀನಾ ಚೂಡಿದಾರದ ಮೇಲೆ ಸೂಟು ತೊಟ್ಟಳು. ಪಂಪುಗಳ ಮೇಲೆ ನುಣ್ಣನೆಯ ಬಣ್ಣ ಕೂತಿತು. ಮುರಿಗೆಪ್ಪ ತೃಪ್ತಿಯಿಂದ ಟೀಗೆಂದು ಬೆನ್ನು ತಿರುಗಿಸಿದ್ದೇ ತಡ, ಹಿಂದೆ ಡಬ್ಬ ಬೋರಲು ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಹುಡುಗಿ ಅದರ ಮೇಲೆ ಕೈಕಟ್ಟಿ ಕೂತಿದ್ದಳು.

"ಏಳಮ್ಮಾ, ಏನಿದು?"

"ನಾನಲ್ಲ ಸಾರ್, ಸೂಟು ಕೂತಿದೆ."

ಅವನು ತೋಳು ಹಿಡಿದು ಎಳೆದ. ಸೂಟು ಜಗ್ಗಲಿಲ್ಲ.

"ದ್ಯಾಮಕ್ಕಾ, ಹೋಗೋ ಮುಂಚೆ ಇದಕ್ಕೆ ಈ ಚಾಳಿ ಮರೆಸು."

ದ್ಯಾಮಕ್ಕ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು.

"ಮರೆಸಿದ್ರೆ ಬಣ್ಣ ಹೊಡೆಯೋದೂ ಮರೆಯುತ್ತೆ ಸಾರ್, ಎರಡನ್ನೂ ಕಲಿಸಿದ್ದು ನನ್ನ ಇದೇ ಮೈ. ಒಂದು ಸ್ಟೂಲು ತರಿಸಿಬಿಡಿ. ಡಬ್ಬದ ಅಂಚು ಒತ್ತುತ್ತೆ."