ಹಿಗ್ಗುತ್ತಿದ್ದ ಕಡಲು

ಆ ಕಾಲದಲ್ಲಿ ಕಡಲು ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಿತ್ತು. ವರ್ಜೀನಿಯಾಕ್ಕೆ ಬಂದ ಮೊದಲ ಇಂಗ್ಲಿಷರು ಕೆಲವೇ ತಿಂಗಳಲ್ಲಿ ದಡ ಸೇರಿದ್ದರು. ಆಮೇಲಿನ ಹಡಗುಗಳಿಗೆ ವರ್ಷಗಳೇ ಹಿಡಿದವು. ಹಡಗಿನವರು ಹಲಗೆಗಳ ಮೇಲೇ ಮಣ್ಣು ಹರಡಿ ಎಲೆಕೋಸು ಬೆಳೆದುಕೊಳ್ಳುತ್ತಿದ್ದರು.

ಮೊದಲ ಹಡಗುಗಳಲ್ಲೇ ಬಂದ ಮಾರ್ಜರಿ, ಮನೆ ಎದ್ದಮೇಲೆ ಕರೆಸಿಕೊಳ್ಳುತ್ತೇನೆಂದು ಪುಟ್ಟ ಮಗಳು ಸೆಸಿಲಿಯನ್ನು ಅಜ್ಜಿಯ ಬಳಿ ಬಿಟ್ಟು ಬಂದಿದ್ದಳು. ಗಂಡ ಮೊದಲ ಚಳಿಗಾಲದ ಹಸಿವಿಗೇ ತೀರಿಕೊಂಡ. ಮಗಳನ್ನು ಹೊತ್ತ ಹಡಗು ಬಂದಾಗ ಮಾರ್ಜರಿಯ ತಲೆ ನರೆತಿತ್ತು. ಇಳಿದವಳು ಕಡಲಲ್ಲೇ ಬೆಳೆದು ದೊಡ್ಡವಳಾದ ಹೆಂಗಸು. ನಾಲ್ಕು ಹೆಜ್ಜೆ ಇಟ್ಟವಳೇ ಮರಳ ಮೇಲೆ ಕುಸಿದು ವಾಂತಿ ಮಾಡಿಕೊಂಡಳು.

"ಈ ನೆಲ ಅಲುಗಾಡೋದೇ ಇಲ್ವಲ್ಲ! ಇದರ ಮೇಲೆ ಹೇಗಿರ್ತೀರಮ್ಮಾ?"

"ಅಭ್ಯಾಸ ಆಗುತ್ತೆ ಕಣೇ. ಒಳಗೆ ಬಾ, ಮೆಕ್ಕೆಜೋಳದ ಗಂಜಿ ಇದೆ."

ಅಭ್ಯಾಸವಾಗಲಿಲ್ಲ. ತಿಂದದ್ದೊಂದೂ ದಕ್ಕದೆ ಸೆಸಿಲಿ ಕಡ್ಡಿಯಾದಳು. ಹಡಗು ಮರಳಿ ಹೊರಡುವ ದಿನ, "ನಾನು ಹೋಗ್ತೀನಮ್ಮಾ. ನನ್ನ ಊರು ಆ ಹಡಗೇ," ಎಂದಳು.

ಹಡಗು ಇಂಗ್ಲೆಂಡ್ ಮುಟ್ಟುವಷ್ಟು ಆಯುಸ್ಸು ತನಗಿಲ್ಲವೆಂದು ಮಾರ್ಜರಿಗೆ ಗೊತ್ತಿತ್ತು. ಗಂಡನ ಗೋರಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಮಗಳ ತೋಳು ಹಿಡಿದುಕೊಂಡಳು.

"ಒಂದು ಸಲ ಬಿಟ್ಟು ಬಂದದ್ದೇ ಸಾಕು. ನಡಿ, ನಾನೂ ಬರ್ತೀನಿ."